ಬರೆದದ್ದನ್ನೆಲ್ಲ ಯಾರೋ ಬಿಡಿಸಬೇಕು: ಟಿವಿ ಅನಿಮೇಷನ್ ಬರಹಗಾರ, ನಿರ್ಮಾಪಕರ ಕಸುಬು

"ಕೊಪ್ಪಳದ ಗವಿಮಠದ ಜಾತ್ರೆ. ಲಕ್ಷಾಂತರ ಜನರ ನಡುವೆ ತೇರು ಸಾಗುತ್ತಿದೆ."

ಕಥೆಯಲ್ಲಿ ಈ ಎರಡು ವಾಕ್ಯ ಬರೆಯಲು ಖರ್ಚಿಲ್ಲ. ಸಿನಿಮಾದವರಾದರೆ ಜಾತ್ರೆಯ ದಿನವೇ ಕ್ಯಾಮೆರಾ ಹೊತ್ತು ಬಂದು ತೆಗೆದುಕೊಂಡು ಹೋಗುತ್ತಾರೆ. ಟಿವಿ ಕಾರ್ಟೂನಿನಲ್ಲಿ ಆ ಜನರನ್ನು ಯಾರಾದರೂ ಕೂತು ಬಿಡಿಸಬೇಕು, ಬಣ್ಣ ತುಂಬಬೇಕು, ಕೈಕಾಲು ಆಡಿಸಬೇಕು. ಹಾಗಾಗಿ ಸ್ಟುಡಿಯೋದ ಪ್ರೊಡಕ್ಷನ್ ಮ್ಯಾನೇಜರ್ ಈ ಸಾಲು ಕಂಡ ಕೂಡಲೇ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ.

ಅದೇ ಜಾತ್ರೆಯನ್ನು ಪಳಗಿದ ಬರಹಗಾರರು ಹೀಗೆ ಬರೆಯುತ್ತಾರೆ: ಗುಡ್ಡದ ಬಂಡೆಯ ಮರೆಯಲ್ಲಿ ಒಬ್ಬ ಹುಡುಗಿ. ಕೆಳಗಿನ ಜನರ ಗದ್ದಲ ಕಿವಿಗೆ ಮಾತ್ರ. ಬಂಡೆಯಂಚಿನ ಆಚೆ ತೇರಿನ ಕಳಸವೊಂದೇ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯುತ್ತದೆ. ಹುಡುಗಿ ಕೈಮುಗಿದು ಉತ್ತತ್ತಿ ಎಸೆಯುತ್ತಾಳೆ. ಅದು ತೇರು ಮುಟ್ಟುವುದಿಲ್ಲ, ನಡುದಾರಿಯಲ್ಲೇ ಕಾಗೆಯೊಂದು ಕಚ್ಚಿಕೊಂಡು ಹೋಗುತ್ತದೆ. ಒಂದು ಪಾತ್ರ, ಒಂದು ಹಿನ್ನೆಲೆ ಚಿತ್ರ, ಒಂದು ಕಳಸ, ಒಂದು ಕಾಗೆ. ಜಾತ್ರೆಯೂ ಬಂತು, ನಗೆಯೂ ಬಂತು, ಹುಡುಗಿ ಎಂಥವಳು ಎಂಬುದೂ ತಿಳಿಯಿತು.

ಬರೆಯುವಾಗಲೇ ಬಿಡಿಸುವವರ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ಕಸುಬಿನ ತಿರುಳು. ಆ ಲೆಕ್ಕ ಗಟ್ಟಿಯಾದ ಬರಹಗಾರರೇ ಮುಂದೆ ನಿರ್ಮಾಪಕರಾಗುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಓದುಗರಿಗೆ ಇದನ್ನು ತಿಳಿಸಲು ತೊಗಲುಗೊಂಬೆ ಆಟಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗೆ. ಆ ಆಟದಲ್ಲಿ ಒಂದೇ ಪಾತ್ರಕ್ಕೆ ಸನ್ನಿವೇಶಕ್ಕೆ ತಕ್ಕಂತೆ ಬೇರೆ ಬೇರೆ ಗೊಂಬೆಗಳಿರುತ್ತವೆ. ಪೆಟ್ಟಿಗೆಯಲ್ಲಿ ಯಾವ ಗೊಂಬೆ ಇದೆ ಎಂದು ನೋಡಿಯೇ ರಾತ್ರಿಯ ಪ್ರಸಂಗ ಕಟ್ಟಬೇಕು. ಟಿವಿ ಸರಣಿಗೂ ಅಂಥದೇ ಒಂದು ಪೆಟ್ಟಿಗೆ ಇರುತ್ತದೆ. ಮುಖ್ಯ ಪಾತ್ರಗಳ ಎದುರುನೋಟ, ಮುಕ್ಕಾಲು ನೋಟ, ಪಕ್ಕದ ನೋಟ, ಬೆನ್ನ ನೋಟ, ಮುಖಭಾವಗಳು, ಬಾಯಿಯ ಆಕಾರಗಳು, ಮನೆ, ಶಾಲೆ, ಬೀದಿಯ ಹಿನ್ನೆಲೆಗಳು ಅದರಲ್ಲಿ ಮೊದಲೇ ತಯಾರಿರುತ್ತವೆ. ಹೊಸದಾಗಿ ಏನು ಕೇಳಿದರೂ ಅದಕ್ಕೆ ಬೇರೆ ದುಡ್ಡು, ಬೇರೆ ದಿನ.

ಲೆಕ್ಕ ಎಲ್ಲಿಂದ ಶುರು

ಮಕ್ಕಳ ಚಾನೆಲ್‌ಗಳಲ್ಲಿ ಅರ್ಧ ಗಂಟೆಯ ಸಮಯಕ್ಕೆ ಜಾಹೀರಾತು ಕಳೆದು ಸುಮಾರು 22 ನಿಮಿಷ ಉಳಿಯುತ್ತದೆ. ಅದನ್ನು ಬಹಳ ಸಲ 11 ನಿಮಿಷದ ಎರಡು ಕಥೆಗಳಾಗಿ ಒಡೆಯುತ್ತಾರೆ. 11 ನಿಮಿಷ ಎಂದರೆ 660 ಸೆಕೆಂಡು. ನಮ್ಮ ಟಿವಿಯ ರೂಢಿಯಂತೆ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ನಿಂತ ಚಿತ್ರ ಹಿಡಿದರೆ 16,500 ಫ್ರೇಮ್. ಎರಡು ಫ್ರೇಮಿಗೊಂದು ಚಿತ್ರ ಸಾಕೆಂದರೂ ಒಂದು ಪಾತ್ರ ಸದಾ ಅಲುಗುತ್ತಿದ್ದರೆ 8,250 ಭಂಗಿ. ಒಂದು ಶಾಟ್ ಸರಾಸರಿ 4 ಸೆಕೆಂಡ್ ಎಂದರೆ ಒಂದು ಕಂತಿಗೆ 165 ಶಾಟ್. ಒಬ್ಬ ಅನಿಮೇಟರ್ ದಿನಕ್ಕೆ 10 ಸೆಕೆಂಡಿನ ಕೆಲಸ ಮುಗಿಸುತ್ತಾರೆ ಎಂದುಕೊಳ್ಳಿ, ಬರೀ ಚಲನೆಗೇ 66 ಆಳುದಿನ ಬೇಕು. ಪಾತ್ರವಿನ್ಯಾಸ, ಹಿನ್ನೆಲೆ, ಸಂಯೋಜನೆ, ಧ್ವನಿ ಎಲ್ಲವೂ ಇದರ ಹೊರಗೆ.

ಈ 66 ದಿನವನ್ನು 100 ಮಾಡುವುದು ಬರಹಗಾರರ ಕೈಯಲ್ಲೇ ಇದೆ. ನೀರು, ಬೆಂಕಿ, ಹೊಗೆ, ಹಾರಾಡುವ ಸೆರಗು, ನಾಲ್ಕು ಕಾಲಿನಲ್ಲಿ ಓಡುವ ಪ್ರಾಣಿ, ಹಗ್ಗ, ಇಬ್ಬರು ತಬ್ಬಿಕೊಳ್ಳುವುದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ವಸ್ತು ದಾಟುವುದು, ಇವೆಲ್ಲ ದುಬಾರಿ. ಇವುಗಳಲ್ಲಿ ಒಂದು ಗೆರೆ ಇನ್ನೊಂದರ ಮೇಲೆ ಬೀಳುತ್ತದೆ, ತಯಾರಿಟ್ಟ ಭಂಗಿ ಕೆಲಸಕ್ಕೆ ಬರುವುದಿಲ್ಲ.

ಆನೆಗೊಂದಿಯ ಹತ್ತಿರ ತುಂಗಭದ್ರೆಯಲ್ಲಿ ಸಾಗುವ ಹರಿಗೋಲನ್ನೇ ನೋಡಿ. ಬರಹಗಾರರಿಗೆ ಅದು ಆಸೆ ಹುಟ್ಟಿಸುವ ದೃಶ್ಯ. ಹರಿಗೋಲು ಗಿರಗಿರ ತಿರುಗುತ್ತದೆ, ಒಳಗೆ ಕೂತ ಮೂವರು ಕಿರುಚುತ್ತಾರೆ. 2ಡಿ ಸರಣಿಯಲ್ಲಿ ಇದು ಕಂತಿನ ಬಜೆಟ್ ನುಂಗಿಬಿಡುತ್ತದೆ. ಪ್ರತಿ ಪಾತ್ರಕ್ಕೂ ನಾಲ್ಕೈದು ಕೋನಗಳು ಮಾತ್ರ ತಯಾರಿರುತ್ತವೆ, ಸುತ್ತು ತಿರುಗಬೇಕೆಂದರೆ ನಡುವಿನ ಕೋನಗಳನ್ನೆಲ್ಲ ಹೊಸದಾಗಿ ಬಿಡಿಸಬೇಕು. ಪರಿಹಾರ ಸುಲಭ: ನೇರ ಮೇಲಿನಿಂದ ನೋಡಿದಂತೆ ಬರೆಯಿರಿ. ವೃತ್ತದೊಳಗೆ ಮೂರು ತಲೆ. ಒಂದೇ ಚಿತ್ರ, ಅದನ್ನೇ ಕಂಪ್ಯೂಟರ್ ತಿರುಗಿಸುತ್ತದೆ. 3ಡಿಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ತಿರುಗಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ, ಆದರೆ ನೀರು ಮತ್ತು ಒದ್ದೆ ಬಟ್ಟೆ ಜೀವ ಹಿಂಡುತ್ತವೆ. ಒಂದೇ ಒಂದು ಸಲ ಬಂದು ಹೋಗುವ ಹೊಸ ಪಾತ್ರಕ್ಕೂ ಮಾಡೆಲ್, ಮೇಲ್ಮೈ, ಮೂಳೆಗೂಡು ಎಲ್ಲ ಕಟ್ಟಬೇಕು. ಆದ್ದರಿಂದ ಬರೆಯಲು ಕೂರುವ ಮೊದಲೇ ಸರಣಿ ಯಾವ ತಂತ್ರದ್ದು, ಕಂತಿಗೆ ಎಷ್ಟು ಹೊಸ ಪಾತ್ರ, ಎಷ್ಟು ಹೊಸ ಜಾಗ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಎಷ್ಟೋ ಸ್ಕ್ರಿಪ್ಟ್‌ಗಳು ಕಥೆ ಚೆನ್ನಾಗಿದ್ದೂ ಇಲ್ಲೇ ಬಿದ್ದುಹೋಗುತ್ತವೆ.

ಹಾಳೆಯಿಂದ ಪರದೆಗೆ

ಸರಣಿಗೆ ಮೊದಲು ಬೇಕಾದದ್ದು ಬೈಬಲ್. ಪಾತ್ರಗಳು ಯಾರು, ಅವರಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾರೆ, ಆ ಲೋಕದಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದೆಲ್ಲ ಇರುವ ಕೈಪಿಡಿ ಅದು. ಹತ್ತಿಪ್ಪತ್ತು ಪುಟ ಸಾಕು. "ಇವನು ತುಂಟ ಹುಡುಗ" ಎಂದು ಬರೆದ ಬೈಬಲ್‌ನಿಂದ ಯಾರಿಗೂ ಉಪಯೋಗವಿಲ್ಲ. "ಇವನಿಗೆ ಸೋಲು ಒಪ್ಪಿಕೊಳ್ಳಲು ಬರುವುದಿಲ್ಲ, ಅದಕ್ಕೇ ಸುಳ್ಳು ಹೇಳುತ್ತಾನೆ, ಆ ಸುಳ್ಳು ಕಾಯಲು ಇನ್ನಷ್ಟು ಒದ್ದಾಡುತ್ತಾನೆ" ಎಂದರೆ ಅದರಿಂದ 52 ಕಂತು ಹುಟ್ಟುತ್ತವೆ.

ಆಮೇಲೆ ಪ್ರತಿ ಕಂತಿಗೂ ಮೂರು ಮೆಟ್ಟಿಲು. ಮೊದಲನೆಯದು ಪ್ರೆಮಿಸ್, ಅಂದರೆ ಕಥೆಯ ಎಳೆ, ಅರ್ಧದಿಂದ ಒಂದು ಪುಟ. ಚಾನೆಲ್‌ನವರು ಇಲ್ಲೇ ಹೌದು ಅಥವಾ ಬೇಡ ಎನ್ನುತ್ತಾರೆ. ಹತ್ತು ಕೊಟ್ಟರೆ ಎರಡೋ ಮೂರೋ ಉಳಿದರೂ ಬೇಸರ ಪಡಬೇಕಿಲ್ಲ. ಎರಡನೆಯದು ಔಟ್‌ಲೈನ್, ಎರಡರಿಂದ ನಾಲ್ಕು ಪುಟ, ದೃಶ್ಯ ದೃಶ್ಯವಾಗಿ. ಮೂರನೆಯದು ಸ್ಕ್ರಿಪ್ಟ್. ಸಿನಿಮಾದಲ್ಲಿ ಒಂದು ಪುಟಕ್ಕೆ ಒಂದು ನಿಮಿಷ ಎನ್ನುವ ಲೆಕ್ಕ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಪ್ರತಿಯೊಂದು ಚಲನೆಯನ್ನೂ ಹಾಳೆಯ ಮೇಲೆ ಹೇಳಬೇಕು. 11 ನಿಮಿಷಕ್ಕೆ 15ರಿಂದ 18 ಪುಟ ಆಗುವುದು ಮಾಮೂಲು.

ಹೊಸಬರ ಸ್ಕ್ರಿಪ್ಟ್‌ನಲ್ಲಿ ಕಾಣುವ ದೊಡ್ಡ ದೋಷ ಕ್ರಿಯಾಪದಗಳಲ್ಲಿದೆ. "ಬಸವನಿಗೆ ಅಜ್ಜಿಯ ಮಾತು ನೆನಪಾಯಿತು", "ಅವನಿಗೆ ತಪ್ಪು ಗೊತ್ತಾಯಿತು" ಎಂದು ಬರೆಯುತ್ತಾರೆ. ನೆನಪಾಗುವುದನ್ನು, ಗೊತ್ತಾಗುವುದನ್ನು ಹೇಗೆ ಬಿಡಿಸುವುದು? "ಬಸವ ಎತ್ತಿದ ಕಲ್ಲನ್ನು ಮೆಲ್ಲಗೆ ಕೆಳಗಿಡುತ್ತಾನೆ. ನಾಯಿಯ ಕಡೆ ನೋಡುತ್ತಾನೆ. ಜೇಬಿನಿಂದ ಶೇಂಗಾ ಚಿಕ್ಕಿ ತೆಗೆದು ಅರ್ಧ ಮುರಿಯುತ್ತಾನೆ" ಎಂದರೆ ಸ್ಟೋರಿಬೋರ್ಡ್ ಕಲಾವಿದರಿಗೆ, ಅಂದರೆ ಸ್ಕ್ರಿಪ್ಟನ್ನು ಶಾಟ್ ಶಾಟಾಗಿ ಚಿತ್ರದಲ್ಲಿ ಬಿಡಿಸಿಡುವವರಿಗೆ, ಕೆಲಸ ಸಿಕ್ಕಿತು. ಮಾತಿನ ಅಳತೆಯನ್ನು ಪದ ಎಣಿಸಿ ನೋಡಬಾರದು. ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ, ಪಾತ್ರದ ಗತಿಯಲ್ಲೇ ಗಟ್ಟಿಯಾಗಿ ಓದಿ ನೋಡಬೇಕು.

11 ನಿಮಿಷದ ಕಥೆಯಲ್ಲಿ ಪಾತ್ರಕ್ಕೆ ಏನು ಬೇಕು ಎಂಬುದು ಮೊದಲ ನಿಮಿಷದೊಳಗೆ ಕಾಣಬೇಕು, ಎರಡೂವರೆ ನಿಮಿಷಕ್ಕೆ ಅಡ್ಡಿ ಬಂದಿರಬೇಕು, ಎಂಟನೆಯ ನಿಮಿಷಕ್ಕೆ ಎಲ್ಲ ಕೈಮೀರಿರಬೇಕು. "ಕೊನೆ ಸಪ್ಪೆ ಎನಿಸುತ್ತದೆ" ಎಂದು ಚಾನೆಲ್‌ನಿಂದ ಟಿಪ್ಪಣಿ ಬಂದರೆ ಕೊನೆಯನ್ನೇ ಮತ್ತೆ ಮತ್ತೆ ತಿದ್ದುತ್ತ ಕೂರುವವರು ಹೆಚ್ಚು. ರೋಗ ಬಹುತೇಕ ಮೊದಲ ಎರಡು ನಿಮಿಷದಲ್ಲಿರುತ್ತದೆ. ಬಯಕೆ ಗಟ್ಟಿಯಾಗಿ ನಿಂತಿರದಿದ್ದರೆ ಅದು ಈಡೇರಿದಾಗ ನೋಡುವ ಮಗುವಿಗೆ ಏನೂ ಅನಿಸುವುದಿಲ್ಲ.

ಇನ್ನೊಂದು ಬೇಲಿ ಇದೆ: ಮಕ್ಕಳು ಕಂಡದ್ದನ್ನು ಮಾಡುತ್ತಾರೆ. ಪಾತ್ರವೊಂದು ನಗುನಗುತ್ತ ತುಂಗಭದ್ರಾ ಎಡದಂಡೆ ಕಾಲುವೆಗೆ ಜಿಗಿದರೆ ಚಾನೆಲ್ ಅದನ್ನು ತೆಗೆಸುತ್ತದೆ. ತೆಗೆಸಬೇಕಾದದ್ದೇ. ಕಾಲುವೆ ಪಕ್ಕದ ಊರುಗಳಲ್ಲಿ ಬೆಳೆದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಕರೆಂಟಿನ ತಂತಿ, ಬೆಂಕಿಪೊಟ್ಟಣ, ಪ್ಲಾಸ್ಟಿಕ್ ಚೀಲವನ್ನು ತಲೆಗೆ ಹಾಕಿಕೊಳ್ಳುವುದು ಇವಕ್ಕೂ ಅದೇ ನಿಯಮ. ಡೈನೋಸಾರ್ ಮೇಲಿಂದ ಜಿಗಿದರೆ ತೊಂದರೆಯಿಲ್ಲ, ಅದು ಯಾವ ಮಗುವಿನ ಮನೆಯಲ್ಲೂ ಇರುವುದಿಲ್ಲ.

ಸ್ಕ್ರಿಪ್ಟ್ ಒಪ್ಪಿಗೆಯಾದ ಮೇಲೆ ಸ್ಟೋರಿಬೋರ್ಡ್, ಧ್ವನಿಮುದ್ರಣ, ಬಳಿಕ ಇವೆರಡನ್ನೂ ಕೂಡಿಸಿದ ಅನಿಮ್ಯಾಟಿಕ್. ಅನಿಮ್ಯಾಟಿಕ್ ಎಂದರೆ ನಿಂತ ಚಿತ್ರಗಳನ್ನು ಮಾತಿನ ಜೊತೆ ಸರಿಯಾದ ಅವಧಿಗೆ ಜೋಡಿಸಿದ ಕಚ್ಚಾ ವಿಡಿಯೋ. ಈ ಹಂತದಲ್ಲಿ ಒಂದು ದೃಶ್ಯ ಕಿತ್ತು ಹಾಕಲು ಒಂದು ಮಧ್ಯಾಹ್ನ ಸಾಕು. ಚಲನೆ ಮುಗಿದ ಮೇಲೆ ಅದೇ ದೃಶ್ಯ ಕಿತ್ತರೆ ಹಲವು ಜನರ ವಾರಗಟ್ಟಲೆಯ ದುಡಿಮೆ ಕಸದಬುಟ್ಟಿಗೆ. ಅನಿಮ್ಯಾಟಿಕ್‌ಗೆ ಬೀಗ ಬಿದ್ದ ಮೇಲೆ ಕಥೆ ಮುಟ್ಟಬಾರದು ಎಂಬ ಕಟ್ಟುಪಾಡು ಹುಟ್ಟಿದ್ದು ಹೀಗೆ. ಬಜೆಟ್ ಉಳಿಯುವುದೂ ಮುಳುಗುವುದೂ ಹೆಚ್ಚಾಗಿ ಈ ಬೀಗದ ಮೇಲೆ ನಿಂತಿದೆ.

ಕನ್ನಡದವರಿಗೆ ತೆರೆದಿರುವ ಬಾಗಿಲು

ದೇಶದ ದೊಡ್ಡ ಮಕ್ಕಳ ಚಾನೆಲ್‌ಗಳಿಗೆ ಭಾರತದಲ್ಲಿ ತಯಾರಾಗುವ ಸರಣಿಗಳನ್ನು ಹೆಚ್ಚಾಗಿ ಹಿಂದಿಯಲ್ಲಿ ಬರೆಯುತ್ತಾರೆ. ಕನ್ನಡಕ್ಕೆ ಅವು ಡಬ್ಬಿಂಗ್ ಆಗಿ ಬರುತ್ತವೆ. ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗ್‌ಗೆ ದಶಕಗಳ ವಿರೋಧವಿತ್ತು, ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟದ್ದು 2015ರಲ್ಲಿ. ಮಕ್ಕಳ ಕಾರ್ಟೂನು ಮಾತ್ರ 2009ರಲ್ಲಿ ಶುರುವಾದ ಚಿಂಟು ಟಿವಿಯ ಮೂಲಕ ಅದಕ್ಕೂ ಮೊದಲೇ ಕನ್ನಡ ಮಾತಾಡತೊಡಗಿತ್ತು. ಹೀಗಾಗಿ ಕನ್ನಡದ ಹೊಸ ಬರಹಗಾರರಿಗೆ ಕೈಗೆಟುಕುವ ಮೊದಲ ಕೆಲಸ ಡಬ್ಬಿಂಗ್ ಸಂಭಾಷಣೆ. ಇದನ್ನು ಕೀಳೆಂದು ತಿಳಿಯುವವರು ಕಲಿಯುವ ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಾರೆ.

ಕೆಲಸ ಹೀಗಿರುತ್ತದೆ. ಸಮಯಸೂಚಿ ಮೂಡಿಸಿದ ವಿಡಿಯೋ ಮತ್ತು ಮೂಲ ಸ್ಕ್ರಿಪ್ಟ್ ಕೊಡುತ್ತಾರೆ. ಪ್ರತಿ ಮಾತಿಗೂ ಬಾಯಿ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು, ನಡುವೆ ಎಲ್ಲಿ ನಿಂತಿತು ಎಂದು ಗುರುತು ಹಾಕಿಕೊಳ್ಳಬೇಕು. ಪ, ಬ, ಮ ಉಚ್ಚರಿಸಲು ತುಟಿ ಮುಚ್ಚಲೇಬೇಕು. ಪರದೆಯ ಮೇಲೆ ತುಟಿ ಮುಚ್ಚಿದಾಗ ಆ ಅಕ್ಷರ ಬರದಿದ್ದರೆ ಮಗುವಿಗೂ ಅದು ಕಣ್ಣಿಗೆ ಹೊಡೆಯುತ್ತದೆ. ಹಿಂದಿಯ "ಬಚಾವೋ!" ಎಂಬ ಕೂಗನ್ನು ತೆಗೆದುಕೊಳ್ಳಿ. ಅರ್ಥಕ್ಕೆ "ಕಾಪಾಡಿ!" ಸರಿ. ಬಾಯಿಗೆ ತಪ್ಪು, ಏಕೆಂದರೆ ಮೂಲದಲ್ಲಿ ತುಟಿ ಮುಚ್ಚಿ ಶುರುವಾಗಿ ದುಂಡಗೆ ಮುಗಿಯುತ್ತದೆ, "ಕಾಪಾಡಿ" ತೆರೆದು ಶುರುವಾಗಿ ಅಗಲವಾಗಿ ಮುಗಿಯುತ್ತದೆ. "ಬನ್ರಪ್ಪೋ!" ಎಂದರೆ ಬ ಇದೆ, ಕೊನೆಗೆ ಓ ಇದೆ, ಮೂರೇ ತುಂಡು, ಮೇಲಾಗಿ ಕಷ್ಟದಲ್ಲಿ ಸಿಕ್ಕಿಕೊಂಡವರು ನಮ್ಮ ಕಡೆ ಕೂಗುವುದೂ ಹಾಗೆಯೇ.

ವಾಕ್ಯದ ಕೊನೆಯೇ ಇನ್ನೊಂದು ತೊಡಕು. ಕನ್ನಡದ ಕ್ರಿಯಾಪದ ಕೊನೆಗೆ ಬಂದು "ಮಾಡುತ್ತಿದ್ದೇನೆ", "ಹೋಗಬೇಕಾಗಿದೆ" ಎಂದು ಉದ್ದವಾಗುತ್ತದೆ. ಅಷ್ಟರಲ್ಲಿ ಪರದೆಯ ಬಾಯಿ ಮುಚ್ಚಿರುತ್ತದೆ. ಆಗ "ಮಾಡ್ತೀನಿ", "ಹೋಗ್ಬೇಕು" ಎಂದು ಆಡುಮಾತಿಗೆ ಇಳಿಯಬೇಕು, ಇಲ್ಲವೇ ಪದಗಳ ಜಾಗ ಬದಲಿಸಬೇಕು. ಪಾತ್ರ ಬೆನ್ನು ತಿರುಗಿಸಿದಾಗ, ದೂರದಲ್ಲಿದ್ದಾಗ, ಕ್ಯಾಮೆರಾ ಕೇಳುವವರ ಮುಖದ ಮೇಲಿದ್ದಾಗ ಬಾಯಿಯ ಹಂಗಿಲ್ಲ. ಉದ್ದ ವಿವರಣೆಯನ್ನು ಅಲ್ಲಿಗೆ ಸಾಗಿಸುವುದು ನುರಿತವರ ಉಪಾಯ.

ಭಾಷೆಯ ವಿಷಯಕ್ಕೆ ಬಂದರೆ, ಚಾಮರಾಜನಗರದಿಂದ ಬೀದರಿನವರೆಗೆ ಎಲ್ಲ ಮಕ್ಕಳಿಗೂ ತಿಳಿಯುವ ಕನ್ನಡ ಚಾನೆಲ್‌ಗೆ ಬೇಕು. ಇಡೀ ಕಂತನ್ನು "ಐತಿ", "ಹೋಗೂಣು", "ಏನ್ ಮಾಡಾಕತ್ತಿ" ಎಂದು ಬರೆದರೆ ತಿದ್ದಿ ಕಳಿಸುತ್ತಾರೆ. ಒಂದು ಪಾತ್ರಕ್ಕೆ ಮಾತ್ರ ಆ ನುಡಿ ಕೊಟ್ಟು ಕಡೆಯವರೆಗೂ ಹದ ತಪ್ಪದೆ ನಡೆಸಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಆ ಪಾತ್ರ ಪೆದ್ದನದ್ದೋ ಕಳ್ಳನದ್ದೋ ಆಗಬಾರದು. ರಾಯಚೂರಿನ ಮಗು ಟಿವಿಯಲ್ಲಿ ತನ್ನ ಮನೆಯ ಮಾತು ಕೇಳುವುದೇ ಅಪರೂಪ. ಕೇಳಿದಾಗಲೆಲ್ಲ ಅದು ನಗೆಪಾಟಲಾದವರ ಬಾಯಲ್ಲೇ ಇದ್ದರೆ ಆ ಮಗು ಶಾಲೆಯಲ್ಲಿ ಬಾಯಿಬಿಡಲು ಹಿಂಜರಿಯುತ್ತದೆ. ಜಾಣೆಯಾದ ಅಜ್ಜಿಗೆ, ಧೈರ್ಯದ ಗೆಳತಿಗೆ ಆ ನುಡಿ ಕೊಡಿ.

ಬರಹಗಾರರು ನಿರ್ಮಾಪಕರಾಗುವ ಬಗೆ

ಬಿಡಿ ಕಂತುಗಳಿಂದ ಶುರುವಾಗಿ, ಸರಣಿಯ ಕಾಯಂ ಬರಹಗಾರರಾಗಿ, ಆಮೇಲೆ ಸ್ಟೋರಿ ಎಡಿಟರ್ ಆಗುವುದು ವಾಡಿಕೆಯ ದಾರಿ. ಸ್ಟೋರಿ ಎಡಿಟರ್ ಹುದ್ದೆಯಲ್ಲೇ ಬರಹ ನಿರ್ವಹಣೆಯಾಗಿ ತಿರುಗುತ್ತದೆ. ಹತ್ತು ಜನ ಬರೆದದ್ದು ಒಬ್ಬರೇ ಬರೆದಂತೆ ಕಾಣಬೇಕು, ಒಂಬತ್ತನೆಯ ಕಂತಿನಲ್ಲಿ ಮುರಿದ ಸೈಕಲ್ ಹನ್ನೆರಡನೆಯದರಲ್ಲಿ ಓಡಬಾರದು, ಸ್ಕ್ರಿಪ್ಟ್ ಹೇಳಿದ ದಿನಕ್ಕೇ ಬರಬೇಕು. ಒಂದು ಕಂತಿಗೆ ಮೊದಲಿಂದ ಕೊನೆಯವರೆಗೆ 24 ವಾರ ಹಿಡಿಯುತ್ತದೆ, ವಾರಕ್ಕೊಂದು ಕೊಡಬೇಕು ಎಂದಾದರೆ ಒಂದೇ ಹೊತ್ತಿಗೆ 24 ಕಂತುಗಳು ಬೇರೆ ಬೇರೆ ಮೇಜಿನ ಮೇಲಿರುತ್ತವೆ. ಒಂದು ಸ್ಕ್ರಿಪ್ಟ್ ಎರಡು ವಾರ ತಡವಾದರೆ ಸ್ಟೋರಿಬೋರ್ಡ್ ತಂಡ ಸಂಬಳ ತೆಗೆದುಕೊಂಡು ಸುಮ್ಮನೆ ಕೂರಬೇಕು. ಮುಂದೆ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ, ಗುಣಮಟ್ಟ ಕುಸಿಯುತ್ತದೆ.

ಅಮೆರಿಕದ ಗ್ರೆಗ್ ವೈಸ್‌ಮನ್ ಅವರ ವೃತ್ತಿಜೀವನ ಇದಕ್ಕೆ ಒಳ್ಳೆಯ ಉದಾಹರಣೆ. ಕಾಮಿಕ್ಸ್ ಕಂಪನಿಯಲ್ಲಿ ಕೆಲಸ ಮಾಡಿ, ಡಿಸ್ನಿಯಲ್ಲಿ ಹೊಸ ಸರಣಿಗಳನ್ನು ರೂಪಿಸುವ ಅಧಿಕಾರಿಯಾಗಿ, ನಂತರ 1994ರಲ್ಲಿ ಶುರುವಾದ 'ಗಾರ್ಗಾಯ್ಲ್ಸ್' ಸರಣಿ ಕಟ್ಟಿದರು. ಮೊದಲ ವರ್ಷ 13 ಕಂತು, ಎರಡನೆಯ ವರ್ಷ ಒಮ್ಮೆಲೇ 52. ಒಟ್ಟು 65, ಅಂದರೆ ವಾರಕ್ಕೆ ಐದು ದಿನದಂತೆ 13 ವಾರಕ್ಕೆ ಸರಿಯಾಗುವ ಸಂಖ್ಯೆ. 13ರಿಂದ 52ಕ್ಕೆ ಜಿಗಿಯುವಾಗ ಒಬ್ಬರೇ ಎಲ್ಲವನ್ನೂ ತಿದ್ದಲಾಗದು. ಹಲವು ಸ್ಟೋರಿ ಎಡಿಟರ್‌ಗಳನ್ನಿಟ್ಟುಕೊಂಡು ಕಥೆಯ ದಾರವನ್ನು ಮಾತ್ರ ತನ್ನ ಕೈಯಲ್ಲಿ ಹಿಡಿಯಬೇಕು. ನಿರ್ಮಾಪಕರ ಕೆಲಸ ಶುರುವಾಗುವುದು ಅಲ್ಲಿ.

ನಿರ್ಮಾಪಕರ ಮೇಜಿನ ಮೇಲೆ ಎರಡು ವಿಷಯಗಳು ಬಿಡದೆ ಕಾಡುತ್ತವೆ. ಒಂದು ರೀಟೇಕ್, ಅಂದರೆ ಮುಗಿದ ಶಾಟನ್ನು ಮತ್ತೆ ಮಾಡುವುದು. ಕಲಾವಿದರ ತಪ್ಪಿನಿಂದ ಆದದ್ದಾದರೆ ಸ್ಟುಡಿಯೋದ ಖರ್ಚು, ಚಾನೆಲ್ ಮನಸ್ಸು ಬದಲಿಸಿದ್ದರಿಂದ ಆದದ್ದಾದರೆ ಚಾನೆಲ್‌ನ ಖರ್ಚು. ಈ ಗೆರೆಯನ್ನು ಒಪ್ಪಂದದಲ್ಲಿ ಎಳೆದಿರದಿದ್ದರೆ ಎಲ್ಲವೂ ಸ್ಟುಡಿಯೋದ ತಲೆಗೇ ಬರುತ್ತದೆ. ಇನ್ನೊಂದು ಹಣದ ಓಟ. ಸಂಬಳ ತಿಂಗಳು ತಿಂಗಳು ಕೊಡಬೇಕು, ಚಾನೆಲ್‌ನ ಹಣ ಬರುವುದು ಸ್ಕ್ರಿಪ್ಟ್ ಒಪ್ಪಿಗೆ, ಅನಿಮ್ಯಾಟಿಕ್ ಒಪ್ಪಿಗೆ, ಕೊನೆಯ ಪ್ರತಿ ಹೀಗೆ ಹಂತ ಮುಟ್ಟಿದ ಮೇಲೆ, ಅದೂ ಬಿಲ್ ಕೊಟ್ಟು ವಾರಗಳು ಕಳೆದ ಮೇಲೆ. ಕಾಗದದ ಮೇಲೆ ಲಾಭವಿದ್ದೂ ಕೈಯಲ್ಲಿ ಕಾಸಿಲ್ಲದೆ ಕಂಪನಿ ನಿಲ್ಲಬಹುದು. ಮೂರು ತಿಂಗಳ ಸಂಬಳ ಕೂಡಿಡದೆ ಸರಣಿ ಒಪ್ಪಿಕೊಳ್ಳುವುದು ಅಪಾಯ. ದೊಡ್ಡವರೂ ಇದಕ್ಕೆ ಹೊರತಲ್ಲ. ಬೆಂಗಳೂರಿನಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದ್ದ ಅನಿಮೇಷನ್ ಮತ್ತು ವಿಎಫ್ಎಕ್ಸ್ ಕಂಪನಿ ಟೆಕ್ನಿಕಲರ್, ಜಾಗತಿಕ ಸಮೂಹವೇ ಕುಸಿದದ್ದರಿಂದ 2025ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು.

ಹಕ್ಕು ಯಾರದು

1992ರಲ್ಲಿ ಬ್ಯಾಟ್‌ಮನ್ ಅನಿಮೇಷನ್ ಸರಣಿಯ ಒಂದು ಕಂತಿಗಾಗಿ ಬರಹಗಾರ ಪಾಲ್ ಡೀನಿ ಮತ್ತು ಕಲಾವಿದ ಬ್ರೂಸ್ ಟಿಮ್ ಹಾರ್ಲಿ ಕ್ವಿನ್ ಎಂಬ ಸಣ್ಣ ಪಾತ್ರ ಸೃಷ್ಟಿಸಿದರು. ಅದು ಬೆಳೆದು ಕಾಮಿಕ್ಸ್‌ಗೆ, ಸಿನಿಮಾಗಳಿಗೆ ಹೋಯಿತು. ಹುಟ್ಟಿಸಿದವರ ಹೆಸರು ಎಲ್ಲರಿಗೂ ಗೊತ್ತು, ಪಾತ್ರದ ಒಡೆತನ ಮಾತ್ರ ಕಂಪನಿಯದು.

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೂ ಸಂಬಳಕ್ಕಿದ್ದಾಗ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಸಂಬಳ ಕೊಟ್ಟವರದು. ಬಿಡಿಯಾಗಿ ಬರೆಯುವವರಾದರೆ ಹಕ್ಕು ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಅದರಲ್ಲಿ ಅವಧಿ ಹೇಳಿರದಿದ್ದರೆ 5 ವರ್ಷ ಎಂದೂ, ಪ್ರದೇಶ ಹೇಳಿರದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆಯ 19ನೆಯ ಕಲಂ ಹೇಳುತ್ತದೆ. ಹಾಗಾಗಿಯೇ ಕಂಪನಿಯ ಒಪ್ಪಂದಗಳಲ್ಲಿ "ಶಾಶ್ವತವಾಗಿ, ವಿಶ್ವದಾದ್ಯಂತ" ಎಂಬ ಸಾಲು ಇರುತ್ತದೆ. ಆ ಸಾಲಿಗೆ ಸಹಿ ಹಾಕುವುದೇ ತಪ್ಪಲ್ಲ, ಆದರೆ ಅದಕ್ಕೆ ತಕ್ಕ ಬೆಲೆ ಕೇಳಿರಬೇಕು, ಹೆಸರು ಪರದೆಯ ಮೇಲೆ ಯಾವ ರೂಪದಲ್ಲಿ ಬರುತ್ತದೆ ಎಂದು ಬರೆಸಿಕೊಂಡಿರಬೇಕು, ಎಷ್ಟು ಸಲ ತಿದ್ದಿಕೊಡಬೇಕು ಎಂಬುದಕ್ಕೆ ಮಿತಿ ಇರಬೇಕು. ಮಿತಿ ಇಲ್ಲದ ತಿದ್ದುಪಡಿ ಬರಹಗಾರರ ಸಂಪಾದನೆಯನ್ನು ಸದ್ದಿಲ್ಲದೆ ತಿನ್ನುತ್ತದೆ.

ಬರೀ ಐಡಿಯಾಕ್ಕೆ ಹಕ್ಕುಸ್ವಾಮ್ಯ ಇಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. "ಅಂಜನಾದ್ರಿಯ ತಪ್ಪಲಲ್ಲಿ ಮಾತಾಡುವ ಮಂಗ" ಎಂಬ ಕಲ್ಪನೆ ಯಾರ ಸ್ವತ್ತೂ ಅಲ್ಲ. ಅದರ ಪಾತ್ರಗಳು, ಬೈಬಲ್, ಬರೆದ ಕಂತು ನಿಮ್ಮದು. ಕಳಿಸುವ ಮೊದಲು ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಆನ್‌ಲೈನ್ ನೋಂದಣಿ ಮಾಡಿಸಿ, ಇಲ್ಲವೇ 500 ರೂಪಾಯಿ ಶುಲ್ಕ ಕಟ್ಟಿ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿ.

ಎಲ್ಲಿಗೆ, ಏನು ಕಳಿಸಬೇಕು

ಕರ್ನಾಟಕ ಅನಿಮೇಷನ್‌ಗೆಂದೇ ನೀತಿ ತಂದದ್ದು 2012ರಲ್ಲಿ, ಈಗ ನಡೆಯುತ್ತಿರುವುದು 2024–29ರ ನೀತಿ. ಆದರೂ ಸ್ಟುಡಿಯೋಗಳು ಬೆಂಗಳೂರಿನಲ್ಲೇ ಗುಂಪುಗೂಡಿವೆ. ಬಳ್ಳಾರಿಯವರಿಗೆ ಅದು ಒಂದು ರಾತ್ರಿಯ ರೈಲು. ರಾಯಚೂರಿನವರಿಗೆ ಹೈದರಾಬಾದ್ ಸುಮಾರು 200 ಕಿ.ಮೀ., ಬೆಂಗಳೂರು ಅದರ ದುಪ್ಪಟ್ಟು. 2008ರಲ್ಲಿ ಪೋಗೋದಲ್ಲಿ ಶುರುವಾದ 'ಛೋಟಾ ಭೀಮ್' ಮಾಡಿದ ಗ್ರೀನ್ ಗೋಲ್ಡ್ ಇರುವುದೂ ಹೈದರಾಬಾದಿನಲ್ಲೇ. ಕನ್ನಡ, ತೆಲುಗು, ಉರ್ದು ಮೂರನ್ನೂ ಕೇಳುತ್ತ ಬೆಳೆದ ಗಡಿಭಾಗದ ಕಿವಿಗೆ ಅಲ್ಲಿ ಬೆಲೆ ಇದೆ. ಬರಹಗಾರರು ಎಲ್ಲಿದ್ದೂ ಬರೆಯಬಹುದು, ಆದರೆ ಆರಂಭದಲ್ಲಿ ಕೆಲವು ತಿಂಗಳಾದರೂ ಸ್ಟೋರಿಬೋರ್ಡ್ ತಂಡದ ಪಕ್ಕ ಕೂರುವುದು ಒಳ್ಳೆಯದು. ಅದು ಆಗದಿದ್ದರೆ ಕ್ರಿಟಾ ಅಥವಾ ಬ್ಲೆಂಡರ್‌ನಂಥ ಉಚಿತ ತಂತ್ರಾಂಶದಲ್ಲಿ ಕಡ್ಡಿಗೊಂಬೆಗಳನ್ನೇ ಬಿಡಿಸಿ, ಸ್ವಂತ ದನಿ ಸೇರಿಸಿ ಒಂದು ನಿಮಿಷದ ಅನಿಮ್ಯಾಟಿಕ್ ಮಾಡಿ ನೋಡಿ. ಸ್ಕ್ರಿಪ್ಟ್‌ನಲ್ಲಿ ಎಲ್ಲಿ ಮಾತು ಹೆಚ್ಚಾಗಿದೆ ಎಂಬುದು ಆ ಒಂದು ನಿಮಿಷದಲ್ಲೇ ಕಾಣುತ್ತದೆ.

ಕೆಲಸ ಕೇಳುವಾಗ ಕಳಿಸಬೇಕಾದದ್ದು ಇಷ್ಟೇ: ಈಗಾಗಲೇ ಪ್ರಸಾರವಾಗುತ್ತಿರುವ ಒಂದು ಸರಣಿಯ ಪಾತ್ರಗಳಿಗೆ ಬರೆದ ಮಾದರಿ ಕಂತು, ಸ್ವಂತ ಕಲ್ಪನೆಯ ಮೂರು ಪ್ರೆಮಿಸ್, ಅವುಗಳಲ್ಲಿ ಒಂದರ ಔಟ್‌ಲೈನ್ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ, ಎರಡು ನಿಮಿಷದ ಡಬ್ಬಿಂಗ್ ಸಂಭಾಷಣೆ ಸಮಯಸೂಚಿಯ ಸಮೇತ. ಕನ್ನಡದ ಹಾಳೆಗಳನ್ನು ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಕಳಿಸಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ, ಓದುವವರು ಮುಚ್ಚಿ ಮುಂದಿನವರ ಕಡತಕ್ಕೆ ಹೋಗುತ್ತಾರೆ. ಯೂನಿಕೋಡ್‌ನಲ್ಲಿ ಬರೆದು, ಪಿಡಿಎಫ್ ಮಾಡಿ, ಇನ್ನೊಬ್ಬರ ಮೊಬೈಲಿನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ನೋಡಿದ ಮೇಲೆ ಕಳಿಸಿ.